ಡೆತ್ ನೋಟ್‌ನಲ್ಲಿ ಲೈಟ್ ಮಾಡಿದ್ದು ನ್ಯಾಯವೇ?

'ಡೆತ್ ನೋಟ್' ಜಪಾನಿನ ಅನಿಮೆ ಸರಣಿ. ಹೆಸರು ಬರೆದರೆ ಆ ವ್ಯಕ್ತಿ ಸಾಯುವಂಥ ನೋಟ್‌ಬುಕ್ ಲೈಟ್ ಎಂಬ ಹುಡುಗನ ಕೈಗೆ ಸಿಗುತ್ತದೆ, ಅದರಿಂದ ಅವನು ಅಪರಾಧಿಗಳನ್ನು ಕೊಲ್ಲತೊಡಗುತ್ತಾನೆ. 'ಅವನು ಕೊಂದದ್ದು ಕ್ರಿಮಿನಲ್‌ಗಳನ್ನು ತಾನೇ, ತಪ್ಪೇನು?' ಅನ್ನೋದು ನಿಮ್ಮ ಪ್ರಶ್ನೆ. ನಾನೂ ಮೊದಲ ಸಲ ನೋಡಿದಾಗ ಲೈಟ್ ಯಾಗಾಮಿಯ ಕಡೆಗೇ ಇದ್ದೆ. ಆದರೆ ಎರಡನೇ ಎಪಿಸೋಡನ್ನು ಇನ್ನೊಮ್ಮೆ ನೋಡಿ.

ಟಿವಿಯಲ್ಲಿ ಒಬ್ಬ ಬಂದು, ತಾನೇ ಪತ್ತೇದಾರ 'ಎಲ್' ಎಂದು ಹೇಳಿಕೊಂಡು, ಕಿರಾ (ಈ ಅಜ್ಞಾತ ಕೊಲೆಗಾರನಿಗೆ, ಅಂದರೆ ಲೈಟ್‌ಗೆ, ಜನ ಇಟ್ಟ ಹೆಸರು) ಮಾಡುತ್ತಿರುವುದು ದುಷ್ಟತನ ಅನ್ನುತ್ತಾನೆ. ಅಷ್ಟಕ್ಕೇ ಲೈಟ್ ಕೆರಳಿ ಅವನ ಹೆಸರು ಬರೆದುಬಿಡುತ್ತಾನೆ. ಸತ್ತವನು ನಿಜಕ್ಕೂ ಮರಣದಂಡನೆಯ ಕೈದಿ, ಎಲ್ ಹೂಡಿದ ಬಲೆ. ಆದರೆ ಅದು ಲೈಟ್‌ಗೆ ಗೊತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಕೊಂದದ್ದು ಒಬ್ಬ ನಿರಪರಾಧಿಯನ್ನು, ಅದೂ ಬೈದ ತಪ್ಪಿಗೆ! ಮುಂದೆ ತನಿಖೆಗೆ ಬಂದ ಹನ್ನೆರಡು ಎಫ್‌ಬಿಐ ಏಜೆಂಟರೂ ಸಾಯುತ್ತಾರೆ. ಅಲ್ಲಿಗೆ 'ಅಪರಾಧಿ' ಅಂದರೆ 'ನನಗೆ ಅಡ್ಡ ಬಂದವನು' ಎಂದಾಯಿತು, ಅಲ್ವಾ?

ನೋಟ್‌ಬುಕ್ಕಿಗೆ ಬೇಕಾದದ್ದು ಹೆಸರು ಮತ್ತು ಮುಖ, ಅಷ್ಟೇ. ಸಾಕ್ಷಿ ಬೇಡ, ವಕೀಲ ಬೇಡ, ಮೇಲ್ಮನವಿ ಇಲ್ಲ. ಸುದ್ದಿಯಲ್ಲಿ ನಿರಪರಾಧಿಯನ್ನೇ ಅಪರಾಧಿ ಎಂದು ತೋರಿಸಿದರೆ? ಕೇಳುವವರೇ ಇಲ್ಲ.

ಎಲ್ ಕೂಡ ಸಾಚಾ ಅಲ್ಲ ಬಿಡಿ. ಕೈದಿಯನ್ನು ಬಲಿಗೆ ಕೊಟ್ಟವನೇ ಅವನು, ಲೈಟ್‌ನ ಮನೆಯೊಳಗೆ ಗುಟ್ಟಾಗಿ ಕ್ಯಾಮೆರಾ ಇಡಿಸಿದವನೂ ಅವನೇ. ನನಗೆ ಇಷ್ಟವಾಗೋದು ಲೈಟ್‌ನ ಅಪ್ಪ, ಪೊಲೀಸ್ ಅಧಿಕಾರಿ ಸೊಯಿಚಿರೊ. ಮಗನ ಮೇಲೇ ಅನುಮಾನ ಬಂದಾಗ, ಮನೆಗೆ ಕ್ಯಾಮೆರಾ ಇಡಲು ಒಪ್ಪಿಕೊಂಡ ಮನುಷ್ಯ.