ಡ್ರೈವಿಂಗ್ ಕಲಿತೇ ಬಾ

ಪುಟ್ಟೀ, ನಿನ್ನ ಪತ್ರ ನೋಡಿದೆ. ಮಂಗಳೂರಲ್ಲಿ ಬಿ.ಎಫ್.ಎಸ್ಸಿ. (ಮೀನುಗಾರಿಕೆ ಪದವಿ) ಮುಗಿಸಿ ಹೆಬ್ಬಾಳದ ಮನೇಲಿದ್ದೀಯ, ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ನಲ್ಲಿ ಸುಸ್ಥಿರ ಮೀನು ಸಾಕಣೆಯ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ. ಚಳಿ ತಡೆಯೋಕಾಗುತ್ತಾ, ಪಾರ್ಟ್‌ಟೈಮ್ ಮಾಡಿದರೆ ಫೀಸು ಹುಟ್ಟುತ್ತಾ, ಅಲ್ಲೇ ನಿಲ್ಲಬಹುದಾ ಅಂತ ಕೇಳಿದ್ದೀಯ. ಸ್ಕಾಟ್ಲೆಂಡಿಂದ ರಜಕ್ಕೆ ಮಲ್ಲೇಶ್ವರಕ್ಕೆ ಬಂದಿದ್ದೀನಿ, ಅಮ್ಮನ ಕಾಫಿ ಕುಡೀತಾ ಬರೀತಿದ್ದೀನಿ.

ಚಳಿಗೆ ಕೋಟಿದೆ. ಕಷ್ಟ ಕತ್ತಲೆಯದು: ಡಿಸೆಂಬರ್‌ನಲ್ಲಿ ಹಗಲು ಸುಮಾರು 7 ಗಂಟೆ ಅಷ್ಟೇ. ಫೀಸಿನ ಮಾತು ಬಿಡು. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯೋ ಹಾಗಿಲ್ಲ. ಅದು ಅಕ್ಕಿ-ಬೇಳೆಗಾದರೆ ಪುಣ್ಯ.

ನೀನು ಕೇಳದೇ ಇದ್ದದ್ದು ಹೇಳ್ತೀನಿ. ಓದೋ ಊರು ಬೇರೆ, ಕೆಲಸದ ಊರು ಬೇರೆ. ಸಮುದ್ರದಲ್ಲಿ ಸಾಲ್ಮನ್ ಮೀನು ಸಾಕೋ ಪಂಜರಗಳಿರೋದು ಪಶ್ಚಿಮ ಕರಾವಳಿ, ಆರ್ಕ್ನಿ, ಶೆಟ್ಲೆಂಡ್ ಕಡೆ. ಹೆಸರಘಟ್ಟಕ್ಕೆ ಸಿಗೋಷ್ಟು ಬಸ್ಸೂ ಅಲ್ಲಿ ಸಿಗಲ್ಲ. ನಮ್ಮ ಲೈಸೆನ್ಸಲ್ಲಿ ಹೋದ ಮೊದಲ 12 ತಿಂಗಳು ಓಡಿಸಬಹುದು, ಆಮೇಲೆ ಅಲ್ಲಿನ ಪರೀಕ್ಷೆ. ನಾನು ಸ್ಕೂಟಿ ಬಿಟ್ಟು ಏನೂ ಓಡಿಸದೆ ಹೋಗಿ, ವರ್ಷವೆಲ್ಲ ಸಹೋದ್ಯೋಗಿಗಳ ವ್ಯಾನಿಗೆ ಕಾದೆ.

ಮೊದಲ ಕೆಲಸ ಏನು ಗೊತ್ತಾ? ಹೇನು ಎಣಿಸೋದು! ಸಮುದ್ರ ಹೇನು ಸಾಲ್ಮನ್ ಮೈಗೆ ಅಂಟಿಕೊಂಡು ಲೋಳೆ, ಚರ್ಮ ತಿನ್ನುತ್ತೆ. ಮೀನನ್ನು ಅರಿವಳಿಕೆ ಬೆರೆಸಿದ ಟಬ್ಬಿಗೆ ಹಾಕಿ, ಅದು ಮಂಪರಾದ ಮೇಲೆ ಕೈಯಲ್ಲಿ ಹಿಡಿದು ತಲೆಯಿಂದ ಬಾಲದವರೆಗೆ ನೋಡಬೇಕು. ಮೊಟ್ಟೆಯ ದಾರ ಜೋಲಾಡೋ ಹೆಣ್ಣುಹೇನಿಗೆ ಬೇರೆ ಲೆಕ್ಕ. ಟಬ್ಬಿನ ತಳಕ್ಕೆ ಉದುರಿದ್ದನ್ನೂ ಬಿಡೋ ಹಾಗಿಲ್ಲ. ದೋಣಿ ತೂಗ್ತಿರುತ್ತೆ, ಗ್ಲೌಸಿನೊಳಗೆ ಬೆರಳು ಮರಗಟ್ಟಿರುತ್ತೆ, ಬರೆದುಕೊಳ್ಳೋನು ‘ಎಷ್ಟು?’ ಅಂದಾಗ ಎಣಿಕೆ ತಪ್ಪಿರುತ್ತೆ. ‘ಎಂ.ಎಸ್ಸಿ. ಓದಿ ಮೀನಿಗೆ ಹೇನು ನೋಡ್ತೀಯಾ?’ ಅಂತ ಅಮ್ಮ ಇವತ್ತಿಗೂ ಆಡಿಕೊಳ್ತಾಳೆ. ಅವಳು ನನ್ನ ತಲೆ ನೋಡ್ತಿದ್ದಾಗಲೂ ಇಷ್ಟು ನಿಗಾ ಇರಲಿಲ್ಲ.

ನಮ್ಮ ಕೆರೆಮೀನಿನ ಪಾಠ ಮರೀಬೇಡ. ಕಾಟ್ಲಾ ಮೇಲ್ನೀರಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುತ್ತೆ. ಒಂದೇ ಕೆರೆ, ಮೂರು ಪಂಕ್ತಿ. ಸಾಲ್ಮನ್ ಮಾಂಸಾಹಾರಿ. ಅದರ ಮೇವಲ್ಲಿ ಮೀನುಪುಡಿ, ಮೀನೆಣ್ಣೆ ಕಡಿಮೆ ಮಾಡಿ ಸೋಯಾ, ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆ ಸೇರಿಸೋಕೆ ಎಷ್ಟು ಒದ್ದಾಡಿದ್ದಾರೆ ಅನ್ನೋದು ಆ ಪಾಠ ಗೊತ್ತಿದ್ದವರಿಗೆ ಬೇಗ ಹಿಡಿಯುತ್ತೆ. ಆ ಒಂದು ಕ್ಲಾಸಲ್ಲಿ ನಾನೇ ಬಾಯಿಬಡುಕಿ.

ನಿಲ್ಲೋ ವಿಷಯ. ಓದು ಮುಗಿದ ಮೇಲೆ ಸಿಗೋ ಗ್ರ್ಯಾಜುಯೇಟ್ ವೀಸಾ 2 ವರ್ಷದ್ದಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕೋ ಎಂ.ಎಸ್ಸಿ.ಯವರಿಗೆ 18 ತಿಂಗಳು. ಅಷ್ಟರೊಳಗೆ ಸ್ಪಾನ್ಸರ್, ಅಂದರೆ ಮುಂದಿನ ಕೆಲಸದ ವೀಸಾಕ್ಕೆ ನಿಲ್ಲೋ ಕಂಪನಿ, ಹುಡುಕಬೇಕು. ನನ್ನ ಮೊದಲ ಕಂಪನಿ ‘ಮಾಡ್ತೀವಿ, ಮಾಡ್ತೀವಿ’ ಅಂತ ಕೊನೇ ತಿಂಗಳಲ್ಲಿ ಕೈಯೆತ್ತಿತು. ಬಾಯಿಮಾತು ನಂಬಬೇಡ, ಬರಹದಲ್ಲಿ ಕೇಳು. ನನ್ನನ್ನು ಉಳಿಸಿದ್ದು ನೀರು ಮರುಬಳಕೆಯ ತೊಟ್ಟಿ: ಮೀನಿನ ಗಲೀಜಿನ ಅಮೋನಿಯಾ ಬ್ಯಾಕ್ಟೀರಿಯಾದಿಂದ ನೈಟ್ರೈಟ್ ಆಗಿ, ನೈಟ್ರೇಟ್ ಆಗೋ ಆ ಬಯೋಫಿಲ್ಟರ್ ನೋಡಿಕೊಳ್ಳೋಕೆ ಬರುತ್ತೆ ಅಂತಲೇ ಒಂದು ಹ್ಯಾಚರಿ (ಮರಿ ಮಾಡೋ ಕೇಂದ್ರ) ಕರೆದುಕೊಂಡಿತು.

ಭಾನುವಾರದವರೆಗೆ ಇಲ್ಲೇ ಇರ್ತೀನಿ. ಮಾಡ್ಯೂಲ್ ಪಟ್ಟಿ ಹಿಡ್ಕೊಂಡು ಬಾ. ಎಲ್‌ಎಲ್ (ಲರ್ನರ್ಸ್ ಲೈಸೆನ್ಸ್) ಅರ್ಜಿ ಮಾತ್ರ ಇವತ್ತೇ ಹಾಕು.