ಹೆತ್ತವರ ದೇಶಕ್ಕಾಗಿ ಈಜುವುದು ಹಿಂಬಾಗಿಲೇ?

ಓದುಗರೊಬ್ಬರ ಪತ್ರ: "ಹೊರದೇಶದಲ್ಲಿ ಬೆಳೆದು, ಅಲ್ಲಿನ ಕೊಳದಲ್ಲೇ ಪಳಗಿ, ಅಲ್ಲಿ ಸಲ್ಲದಿದ್ದಾಗ ಅಪ್ಪ–ಅಮ್ಮನ ದೇಶದ ಧ್ವಜ ಹಿಡಿಯುವ ಈಜುಗಾರರನ್ನು ನಾವೇಕೆ ಮೆಚ್ಚಬೇಕು? ಊರಲ್ಲೇ ಈಜುವವರ ಅವಕಾಶ ಕಸಿದಂತಲ್ಲವೇ? ಭಾರತ ಇದನ್ನು ತಡೆದಿರುವುದೇ ಸರಿ."

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಅದು ಈಜುಗಾರರ ಮೇಲೆ ತಿರುಗಿರುವುದನ್ನು ಒಪ್ಪಲಾರೆ.

ಮೊದಲು ನಿಯಮ. ಒಲಿಂಪಿಕ್ಸ್‌ನ ವೈಯಕ್ತಿಕ ಈಜು ಸ್ಪರ್ಧೆಯಲ್ಲಿ ಒಂದು ದೇಶದಿಂದ ಹೆಚ್ಚೆಂದರೆ ಇಬ್ಬರು. ಅಮೆರಿಕದ ಮೂರನೆಯ ವೇಗದ ಈಜುಗಾರ ಫೈನಲ್ ತಲುಪುವಷ್ಟು ಸಮರ್ಥನಾಗಿದ್ದರೂ ಮನೆಯಲ್ಲೇ ಉಳಿಯಬೇಕು. ಇತ್ತ, ಅರ್ಹತಾ ಸಮಯವನ್ನು ಯಾರೂ ಮುಟ್ಟದ ದೇಶವೂ ಒಬ್ಬ ಪುರುಷ, ಒಬ್ಬ ಮಹಿಳೆಯನ್ನು ಕಳುಹಿಸಬಹುದು. ಎಲ್ಲ ದೇಶಗಳೂ ನೀರಿಗಿಳಿಯಲಿ ಎಂದೇ ಬರೆದಿಟ್ಟ ನಿಯಮವಿದು. ಇದನ್ನು ಹಿಂಬಾಗಿಲು ಎನ್ನುವುದು ಹೇಗೆ?

ನೇಪಾಳದ ಗೌರಿಕಾ ಸಿಂಗ್ ಅವರನ್ನು ನೋಡಿ. ಎರಡನೇ ವಯಸ್ಸಿಗೇ ಲಂಡನ್ ಸೇರಿದವರು. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆಂದು ಕಠ್ಮಂಡುವಿಗೆ ಬಂದಿದ್ದಾಗ ಭೂಕಂಪವಾಯಿತು. ಕಟ್ಟಡವೊಂದರ ಐದನೇ ಮಹಡಿಯಲ್ಲಿ ಮೇಜಿನ ಕೆಳಗೆ ಅವಿತು ಪಾರಾದರು. ಮರುವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ 13 ವರ್ಷ 255 ದಿನಗಳ ಈ ಹುಡುಗಿಯೇ ಇಡೀ ಕೂಟದ ಅತಿ ಕಿರಿಯ ಸ್ಪರ್ಧಿ. 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ 1 ನಿಮಿಷ 8.45 ಸೆಕೆಂಡಿನಲ್ಲಿ ಗುರಿ ಮುಟ್ಟಿ ತಮ್ಮ ಹೀಟ್ (ಮೊದಲ ಸುತ್ತಿನ ಗುಂಪು) ಗೆದ್ದರೂ ಸೆಮಿಫೈನಲ್‌ಗೆ ಅದು ಸಾಲಲಿಲ್ಲ. 2019ರಲ್ಲಿ ನೇಪಾಳವೇ ನಡೆಸಿದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ ಗೆದ್ದರು. ಊರಿನ ಹುಡುಗಿಯರ ಜೊತೆ ಅದೇ ಕೊಳದಲ್ಲಿ ಈಜಿ, ಗಡಿಯಾರದ ಮುಂದೆ ಗೆದ್ದು ಪಡೆದ ಸ್ಥಾನವನ್ನು ಕಸಿದದ್ದು ಎನ್ನಬಹುದೇ?

"ಅಲ್ಲಿ ಸಲ್ಲದವರು" ಎಂಬ ಮಾತಂತೂ ಕೈಲಾ ಸ್ಯಾಂಚೆಜ್ ಅವರ ಮುಂದೆ ನಿಲ್ಲುವುದಿಲ್ಲ. ಫಿಲಿಪ್ಪೀನ್ಸ್ ಮೂಲದ ಹೆತ್ತವರಿಗೆ ಸಿಂಗಪುರದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಈಕೆ ಟೋಕಿಯೊದಲ್ಲಿ ಕೆನಡಾದ ರಿಲೇ ತಂಡದೊಂದಿಗೆ ಬೆಳ್ಳಿ ಗೆದ್ದಿದ್ದರು. ಪದಕ ಕೈಯಲ್ಲಿರುವಾಗಲೇ, 2022ರಲ್ಲಿ, ಫಿಲಿಪ್ಪೀನ್ಸ್ ಆರಿಸಿಕೊಂಡರು. 2024ರ ಪ್ಯಾರಿಸ್‌ನಲ್ಲಿ ಆ ದೇಶಕ್ಕಾಗಿ ಈಜಿದರು. ಹೀಗೆ ಬದಲಾಗುವುದೂ ಸಲೀಸಲ್ಲ: ಒಂದು ದೇಶವನ್ನು ಪ್ರತಿನಿಧಿಸಿದವರು ಇನ್ನೊಂದಕ್ಕೆ ಹೋಗಲು ಒಲಿಂಪಿಕ್ ಸನ್ನದಿನ ಪ್ರಕಾರ ಮೂರು ವರ್ಷ ಕಾಯಬೇಕು, ಸಂಬಂಧಪಟ್ಟವರು ಒಪ್ಪಿದರೆ ಮಾತ್ರ ರಿಯಾಯಿತಿ.

ನಿಮ್ಮ ಮಾತಿನಲ್ಲಿ ಸತ್ಯವಿರುವುದು ಬೇರೆಡೆ. ಹೊರಗಿನ ಕೊಳದಲ್ಲಿ, ಹೊರಗಿನ ಖರ್ಚಿನಲ್ಲಿ ತಯಾರಾದವರು ಸಿಗುತ್ತಾರೆಂದರೆ ಫೆಡರೇಷನ್‌ಗಳಿಗೆ ಆರಾಮ. ಊರಲ್ಲಿ 50 ಮೀಟರ್ ಕೊಳ ಕಟ್ಟುವ, ತರಬೇತುದಾರರಿಗೆ ಸಂಬಳ ಕೊಡುವ ತುರ್ತು ತಪ್ಪುತ್ತದೆ. ಆ ಪ್ರಶ್ನೆಯನ್ನು ಪದಾಧಿಕಾರಿಗಳಿಗೆ ಕೇಳಿ, ನಾನೂ ದನಿಗೂಡಿಸುತ್ತೇನೆ.

ಇನ್ನು ಭಾರತ. ರಾಷ್ಟ್ರೀಯ ತಂಡಕ್ಕೆ ಭಾರತದ ಪಾಸ್‌ಪೋರ್ಟ್ ಕಡ್ಡಾಯ ಎಂದು ಕ್ರೀಡಾ ಸಚಿವಾಲಯ 2008ರಲ್ಲಿ ತೀರ್ಮಾನಿಸಿತು. ವಿದೇಶಿ ಪೌರರಾಗಿರುವ ಭಾರತ ಮೂಲದವರಿಗೆ ಕೊಡುವ ಸಾಗರೋತ್ತರ ಭಾರತೀಯ ಪೌರತ್ವದ (ಒಸಿಐ) ಕಾರ್ಡ್ ಸಾಲದು. ಉಭಯ ಪೌರತ್ವಕ್ಕೆ ನಮ್ಮ ಕಾನೂನಿನಲ್ಲಿ ಎಡೆಯಿಲ್ಲದ್ದರಿಂದ, ಹೊರಗೆ ಹುಟ್ಟಿ ಬೆಳೆದ ಹದಿನೇಳರ ಈಜುಗಾರ್ತಿ ನಮಗಾಗಿ ಈಜಬೇಕಾದರೆ ತಾನು ಓದುತ್ತಿರುವ, ಅಭ್ಯಾಸ ಮಾಡುತ್ತಿರುವ ದೇಶದ ಪೌರತ್ವವನ್ನೇ ಬಿಡಬೇಕು. ನಿಮಗೆ ಇದು ಸರಿಯೆನಿಸಿದೆ. ಹೊರಗೆ ಬೆಳೆದವರನ್ನೂ ಸೇರಿಸಿಕೊಂಡ ಶ್ರೀಲಂಕಾ, ನೇಪಾಳಗಳ ತಂಡಗಳನ್ನು ನೋಡಿದಾಗಲೆಲ್ಲ ನನಗೆ ಇದು ಅತಿಯೆನಿಸುತ್ತದೆ.