ಹಳೆ ಎಂಜಿಬಿಗೆ ಹೊಸ ಹೆಡ್‌ಲೈಟ್: ಡಿಮ್ ಹಾಕಿದ್ರೂ ಎದುರಿನವರ ಕಣ್ಣಿಗೆ ಹೊಡಿತದೆ, ಎಂತ ಮಾಡುದು?

ಪ್ರಶ್ನೆ: ಸರ್, ನನ್ನ ಹತ್ರ ಮಾವನ ಕಾಲದ 1965ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಉಂಟು, ಎರಡು ವರ್ಷದಿಂದ ಸ್ವಲ್ಪ ಸ್ವಲ್ಪ ರಿಪೇರಿ ಮಾಡ್ತಾ ಇದ್ದೇನೆ. ಹೆಡ್‌ಲೈಟ್ ಒಳಗೆಲ್ಲ ತುಕ್ಕು ಹಿಡಿದಿತ್ತು, ಭಾವ ದುಬೈಯಿಂದ ಬರುವಾಗ ಏಳಿಂಚಿನ ಎಚ್4 (ಹ್ಯಾಲೊಜನ್ ಬಲ್ಬಿನ) ಸೆಟ್ ತಂದ್ರು, ಹಾಕಿದೆ. ಈಗ ಡಿಮ್ ಹಾಕಿದ್ರೂ ಎದುರಿಂದ ಬರುವವರು ಲೈಟ್ ಹೊಡಿತಾರೆ, ನನಗೆ ಎಡಬದಿಯ ಚರಂಡಿ ಕಾಣುದಿಲ್ಲ. ಬಲಗಡೆ ಲೈಟ್ ಬೇರೆ ಹಳದಿ, ಮಂಕು. ಒಬ್ರು 100 ವಾಟ್ ಬಲ್ಬ್ ಹಾಕು ಅಂತಾರೆ, ಇನ್ನೊಬ್ರು ಎಲ್‌ಇಡಿ ಅಂತಾರೆ. ಯಾವುದು ಸರಿ?
(ಓದುಗರು, ಬದಿಯಡ್ಕ)

ಉತ್ತರ: ಎರಡೂ ಬೇಡ. ಬಲ್ಬ್ ತೆಗಿಯುವ ಮೊದಲು ಗ್ಲಾಸ್ ನೋಡಿ.

ದುಬೈಯಲ್ಲಿ ಗಾಡಿ ಹೋಗುದು ರಸ್ತೆಯ ಬಲಗಡೆ, ನಮ್ಮಲ್ಲಿ ಎಡಗಡೆ. ಡಿಮ್ ಲೈಟಿನ ಬೆಳಕು ಸಮ ಇರುದಿಲ್ಲ, ರಸ್ತೆಯ ಅಂಚಿನ ಕಡೆಗೆ ಸ್ವಲ್ಪ ಮೇಲೆ ಏರ್ತದೆ, ನಡೆದು ಹೋಗುವವರು, ಚರಂಡಿ, ಬೋರ್ಡು ಎಲ್ಲ ಕಾಣ್ಲಿ ಅಂತ. ಅಲ್ಲಿಯ ಲೈಟಿನಲ್ಲಿ ಆ ಏರು ಬಲಕ್ಕೆ, ಅದನ್ನೇ ತಂದು ಇಲ್ಲಿ ಹಾಕಿದ್ರೆ ಅದು ನೇರ ಎದುರಿನವರ ಕಣ್ಣಿಗೆ. ಸ್ಕ್ರೂ ತಿರುಗಿಸಿ ಎಷ್ಟು ಕೆಳಗೆ ಮಾಡಿದ್ರೂ ಇದು ಸರಿ ಆಗುದಿಲ್ಲ, ಯಾಕಂದ್ರೆ ಆ ಆಕಾರ ಗ್ಲಾಸಿನ ಗೆರೆಗಳಲ್ಲೇ ಉಂಟು. ದುಂಡು ಒಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ನಂಬರ್ ಇದ್ದ ಯುರೋಪಿನ ಗ್ಲಾಸಾದ್ರೆ ಹತ್ತಿರದಲ್ಲೇ ಬಾಣದ ಗುರುತು ಹುಡುಕಿ. ಕಾರಿನ ಎದುರು ನಿಂತು ನೋಡುವಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದ್ರೆ ಅದು ಎಡಗಡೆ ಹೋಗುವ ದೇಶಕ್ಕೆ, ಬಾಣವೇ ಇಲ್ಲದಿದ್ರೆ ಬಲಗಡೆಯವರಿಗೆ. ನಿಮ್ಮದರಲ್ಲಿ ಬಾಣ ಇರ್ಲಿಕ್ಕಿಲ್ಲ ಅಂತ ನನ್ನ ಅಂದಾಜು.

ದುಬೈಯದ್ದು ಭಾವನಿಗೆ ವಾಪಸ್ ಕೊಡಿ, ಬೇಜಾರಾಗ್ಲಿಕ್ಕಿಲ್ಲ. ಅಂಬಾಸಿಡರಿಗೆ, ಹಳೆ ಜೀಪಿಗೆ ಹಾಕ್ತಿದ್ದದ್ದೂ ಇದೇ ಏಳಿಂಚಿನ ದುಂಡು ಲೈಟು, ಇಲ್ಲಿಯ ರಸ್ತೆಗೇ ಮಾಡಿದ್ದು, ಮಂಗಳೂರು ಕಡೆ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ ನೋಡಿ. ಎಚ್4 ಬಲ್ಬಿನ ಹಿಂಬದಿ ಹಳೆ, ಬಲ್ಬು ಗ್ಲಾಸು ಒಟ್ಟಿಗೇ ಮುಚ್ಚಿದ ಸೀಲ್ಡ್ ಬೀಮ್‌ಗಿಂತ ಉದ್ದ, ಹಾಗಾಗಿ ರಬ್ಬರ್ ಟೋಪಿ ಸಮೇತ ಒಮ್ಮೆ ಇಟ್ಟು ನೋಡಿ, ಲೈಟ್ ಕೂರುವ ಹಿಂದಿನ ಬಟ್ಟಲಿಗೆ ತಾಗ್ಬಾರದು. ಬಲ್ಬಿನ ಗಾಜು ಕೈಯಲ್ಲಿ ಮುಟ್ಬೇಡಿ.

ಇನ್ನು ಬಲಗಡೆಯ ಮಂಕು ಲೈಟ್. ನನಗೆ ನಿಜವಾಗಿ ಚಿಂತೆ ಇರುದು ಇದರ ಬಗ್ಗೆ, ಯಾಕಂದ್ರೆ ಜನ ಇಲ್ಲೇ ದುಡ್ಡು ಸುರಿತಾರೆ. ಲೈಟ್ ಹಾಕಿ ಇಟ್ಟು ಮೀಟರಿನಲ್ಲಿ ಮೊದಲು ಬ್ಯಾಟರಿ ವೋಲ್ಟೇಜ್ ನೋಡಿ, ಆಮೇಲೆ ಬಲ್ಬಿನ ಸಾಕೆಟಲ್ಲಿ ನೋಡಿ. ಎರಡು ವೋಲ್ಟ್ ಕಮ್ಮಿ ಬಂದ್ರೆ ಬೆಳಕು ಹತ್ತಿರ ಹತ್ತಿರ ಅರ್ಧ ಆಗ್ತದೆ, ಹಳದಿ ಕಾಣುದು ಅದಕ್ಕೇ. ಒಂದೇ ಲೈಟ್ ಮಂಕು ಅಂದ್ರೆ ಮೊದಲ ಸಂಶಯ ಬಾಡಿಗೆ ಹೋಗುವ ಕಪ್ಪು ಅರ್ತ್ ವಯರಿನ ಮೇಲೆ, ಗ್ರಿಲ್ ಹಿಂದಿನ ಬುಲೆಟ್ ಕನೆಕ್ಟರುಗಳನ್ನೆಲ್ಲ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿ. ನಮ್ಮ ಕಡಲ ಗಾಳಿಗೆ, ಆಟಿಯ ಮಳೆಗೆ ಅದರೊಳಗೆ ಹಸಿರು ಪಾಚಿ ಹಾಗೆ ಕೂತಿರ್ತದೆ. ನಾನು ಒಂದು ಹಳೆ ಜೀಪಿಗೆ ಮೂರು ಬಲ್ಬ್ ಬದಲಾಯಿಸಿ ಕೊನೆಗೆ ಕಂಡುಹಿಡಿದದ್ದು ಇದನ್ನೇ.

ಅದು ಸರಿ ಆದ ಮೇಲೆ ಎರಡು ರಿಲೇ (ಸಣ್ಣ ಕರೆಂಟಿನಲ್ಲಿ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್ಚು) ಹಾಕಿ, ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು. ನಿಮ್ಮ ಕಾರಿನಲ್ಲಿ ಹೆಡ್‌ಲೈಟಿಗೆ ಫ್ಯೂಸೂ ಇಲ್ಲ ರಿಲೇಯೂ ಇಲ್ಲ, ಪೂರ್ತಿ ಕರೆಂಟ್ ಡ್ಯಾಶಿನ ಸ್ವಿಚ್ಚಲ್ಲೇ ಹೋಗಿ ಬರ್ತದೆ, 60 ವರ್ಷದ ಸ್ವಿಚ್ಚು. ನೀಲಿ ಮೇಲೆ ಕೆಂಪು ಗೆರೆಯ ವಯರ್ ಡಿಮ್, ನೀಲಿ ಮೇಲೆ ಬಿಳಿ ಗೆರೆಯದ್ದು ಬ್ರೈಟ್, ಅವು ರಿಲೇಯನ್ನು ಎಳಿಲಿಕ್ಕೆ ಮಾತ್ರ ಸಾಕು. ಬಲ್ಬಿನ ಕರೆಂಟಿಗೆ ಸ್ಟಾರ್ಟರ್ ಸೊಲೆನಾಯ್ಡಿನ (ಸ್ಟಾರ್ಟರ್ ಮೋಟರಿಗೆ ಕರೆಂಟ್ ಕೊಡುವ ಸ್ವಿಚ್ಚು) ಬ್ಯಾಟರಿ ಬದಿಯಿಂದ ಫ್ಯೂಸ್ ಹಾಕಿ ಹೊಸ ದಪ್ಪ ವಯರ್ ಎಳಿರಿ.

ಒಂದು ಮಾತು ಮರಿಬೇಡಿ, 1965ರದ್ದಂದ್ರೆ ಪಾಸಿಟಿವ್ ಅರ್ತ್ ಕಾರು (ಬ್ಯಾಟರಿಯ ಪಾಸಿಟಿವ್ ಬಾಡಿಗೆ ಕೊಟ್ಟದ್ದು), ಎಂಜಿಬಿ ನೆಗೆಟಿವ್‌ಗೆ ಬದಲಾದದ್ದು 1967ರಲ್ಲಿ. ಮಧ್ಯದಲ್ಲಿ ಯಾರಾದ್ರೂ ಬದಲಾಯಿಸಿದ್ದಾರಾ ಅಂತ ಸೀಟಿನ ಹಿಂದಿನ ಬ್ಯಾಟರಿಯಲ್ಲಿ ನೋಡಿ. ಎಚ್4 ಬಲ್ಬಿಗೆ ಪಾಸಿಟಿವ್ ನೆಗೆಟಿವ್ ಯಾವುದಾದ್ರೂ ಒಂದೇ, ಎಲ್‌ಇಡಿಗೆ ಹಾಗಲ್ಲ, ಉಲ್ಟಾ ಆದ್ರೆ ಉರಿಯುದಿಲ್ಲ ಅಥವಾ ಹಾಳಾಗ್ತದೆ. ರಿಲೇಯೂ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇಲ್ಲದ್ದೇ ತಗೊಳ್ಳಿ. 100 ವಾಟ್ ಯಾಕೆ ಬೇಡ ಅಂದ್ರೆ ನಿಮ್ಮ ಡೈನಮೋ ಕೊಡುದು ಹೆಚ್ಚಂದ್ರೆ 22 ಆಂಪ್, ಅದೂ ಇಂಜಿನ್ ಓಡುವಾಗ. 60/55ರ (ಬ್ರೈಟ್ 60, ಡಿಮ್ 55 ವಾಟ್) ಎರಡು ಬಲ್ಬಿಗೆ ಹತ್ತು ಆಂಪ್ ಸಾಕು, ನೂರರದ್ದಕ್ಕೆ ಹದಿನೇಳು ಹತ್ತಿರ, ಮಳೆಯಲ್ಲಿ ವೈಪರ್ ಹಾಕಿದ್ರೆ ಮತ್ತೆ ಬ್ಯಾಟರಿಗೆ ಎಂತ ಉಳಿತದೆ?

ಕ್ರೋಮ್ ರಿಂಗ್ ಕೂರಿಸುವಾಗ ಮೇಲಿನ ಕೊಕ್ಕೆಗೆ ಮೊದಲು ಸಿಕ್ಕಿಸಿ, ಆಮೇಲೆ ಕೆಳಗೆ ಅಂಗೈಯಲ್ಲಿ ಒತ್ತಿ. ಬಾಡಿಗೂ ಬಟ್ಟಲಿಗೂ ಮಧ್ಯದ ರಬ್ಬರ್ ಹೊಸತು ಹಾಕಿ, ಸ್ಕ್ರೂಗಳಿಗೆ ಗ್ರೀಸ್ ಹಚ್ಚಿ.

ಕೊನೆಗೆ ಸಂಜೆ ಮೇಲೆ ಸಮತಟ್ಟು ಅಂಗಳದಲ್ಲಿ ಗೋಡೆಯಿಂದ 5 ಮೀಟರ್ ದೂರ ಕಾರು ನಿಲ್ಲಿಸಿ. ಲೈಟಿನ ಮಧ್ಯದ ಎತ್ತರಕ್ಕೆ ಗೋಡೆಯಲ್ಲಿ ಚಾಕ್ ಗೆರೆ ಎಳಿರಿ, ಡಿಮ್ಮಿನ ಮೇಲಂಚು ಅದಕ್ಕಿಂತ 5 ಸೆಂಟಿಮೀಟರ್ ಕೆಳಗೆ ಬರ್ಬೇಕು, ಎಡಕ್ಕೆ ಮಾತ್ರ ಏರ್ಬೇಕು. ಮೇಲಿನ ಸ್ಕ್ರೂ ಎತ್ತರಕ್ಕೆ, ಬದಿಯದ್ದು ಎಡಬಲಕ್ಕೆ. ಒಬ್ರನ್ನು ಡ್ರೈವರ್ ಸೀಟಲ್ಲಿ ಕೂರಿಸಿಯೇ ಇದನ್ನು ಮಾಡಿ, ಖಾಲಿ ಕಾರಿಗೂ ಆಳು ಕೂತ ಕಾರಿಗೂ ವ್ಯತ್ಯಾಸ ಬರ್ತದೆ.